ಗಣಕದ ಕಡತಗಳ ಜೀರ್ಣೋದ್ಧಾರ

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡಿನ ಗತವೈಭವವನ್ನು ಕೊಂಡಾಡುವುದು ವಾಡಿಕೆ. ಕದಂಬರು, ರಾಷ್ಟ್ರಕೂಟರು, ವಿಜಯನಗರದ ಅರಸರು ವರ್ಷಕ್ಕೊಮ್ಮೆ ನಮ್ಮ ವೇದಿಕೆಯ ಮೇಲೆ ಬಂದುಹೋಗುತ್ತಾರೆ. ಅದು ಆಗತಕ್ಕದ್ದೇ. ಆದರೆ ಇಂದು ನಾವು ಅಷ್ಟು ದೂರ ಹೋಗದೆ, ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಕೈಯಿಂದಲೇ ಆದ ಒಂದು ಆಸ್ತಿಯ ವಿಚಾರವನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ. ಆ ಆಸ್ತಿಯೆಂದರೆ, ನಮ್ಮ ಮನೆಗಳಲ್ಲೂ ಸಂಘಗಳಲ್ಲೂ ಗಣಕಯಂತ್ರದಲ್ಲಿ ಬರೆದಿಟ್ಟ ಕನ್ನಡ. ಸ್ಮರಣಸಂಚಿಕೆಗಳ ಲೇಖನಗಳು, ಹಿರಿಯರು ಹೇಳಿ ಬರೆಸಿದ ಆತ್ಮಕಥೆಗಳು, ನಾಟಕದ ಪ್ರತಿಗಳು, ಮನೆತನದ ವಂಶಾವಳಿಗಳು, ಹಾಡಿನ ಪುಸ್ತಕಗಳು. ಇವೆಲ್ಲ ತಟ್ಟೆಗಳಲ್ಲೂ ಹಳೆಯ ಯಂತ್ರಗಳಲ್ಲೂ ಭದ್ರವಾಗಿವೆ ಎಂದು ನಾವು ನಂಬಿದ್ದೇವೆ. ಇವೆ, ನಿಜ. ಆದರೆ ತೆರೆದು ನೋಡಿದರೆ ಓದಲು ಬಾರವು.

ಹೈದರಾಬಾದಿನ ಕನ್ನಡಿಗರಿಗೆ ಇಂಥ ಸ್ಥಿತಿ ಹೊಸದಲ್ಲ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಗುಲ್ಬರ್ಗಾ, ರಾಯಚೂರು, ಬೀದರ ಕಡೆಯ ಮನೆಗಳಲ್ಲಿ ಆ ಕಾಲದ ಜಮೀನಿನ ಕಾಗದಗಳು ಇಂದಿಗೂ ಪೆಟ್ಟಿಗೆಯಲ್ಲಿವೆ. ಅಜ್ಜನಿಗೆ ಅವನ್ನು ಓದಲು ಬರುತ್ತಿತ್ತು, ಮೊಮ್ಮಗನಿಗೆ ಬಾರದು. ಕಾಗದ ಹರಿದಿಲ್ಲ, ಮಸಿ ಅಳಿಸಿಲ್ಲ, ಓದುವವರು ಮಾತ್ರ ಇಲ್ಲ. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ಅಂದು ಈ ನಗರದಲ್ಲಿಯೇ ಉಳಿದ ಕನ್ನಡ ಮನೆತನಗಳು ಮನೆಯ ಹೊಸ್ತಿಲು ದಾಟದೆಯೇ ಹೊರನಾಡಿಗರಾದವು. ನಾವು ಕದಲಲಿಲ್ಲ, ಸುತ್ತಲಿನ ಏರ್ಪಾಡು ಕದಲಿತು. ನಮ್ಮ ಗಣಕದ ಕಡತಗಳ ಗತಿಯೂ ಹಾಗೆಯೇ ಆಗಿದೆ. ಕಡತ ಇದ್ದಲ್ಲಿಯೇ ಇದೆ, ಅದರ ಸುತ್ತಲಿನ ಯಂತ್ರಗಳ ಏರ್ಪಾಡು ಬದಲಾಗಿಹೋಗಿದೆ.

ಇದು ಹೇಗೆ ಆಯಿತೆಂಬುದನ್ನು ಸ್ವಲ್ಪ ವಿವರಿಸುತ್ತೇವೆ. ವಿಷಯ ಯಂತ್ರಕ್ಕೆ ಸೇರಿದ್ದಾದರೂ ಕಠಿಣವಲ್ಲ. ಕಾಗುಣಿತ ಬಲ್ಲವರಿಗೆಲ್ಲ ತಿಳಿಯುವಂಥದು.

ಗಣಕಯಂತ್ರ ಅಕ್ಷರವನ್ನು ಅರಿಯದು, ಅಂಕಿಯನ್ನು ಮಾತ್ರ ಅರಿಯುತ್ತದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿಯೆಂದು ನಾವು ಗೊತ್ತುಮಾಡಿಕೊಡಬೇಕು. ಹಳೆಯ ಕ್ರಮದಲ್ಲಿ ಒಟ್ಟು ದೊರೆಯುತ್ತಿದ್ದ ಸ್ಥಾನಗಳು 256. ಅದರಲ್ಲಿ ಮೊದಲ 128 ಇಂಗ್ಲಿಷಿನ ಪಾಲು. ಮಿಕ್ಕ ಸ್ಥಾನಗಳಲ್ಲಿ ಯೂರೋಪಿನ ಇತರ ಭಾಷೆಗಳ ಅಕ್ಷರಗಳೂ ನಾಣ್ಯದ ಗುರುತುಗಳೂ ಕುಳಿತಿದ್ದವು. ಕನ್ನಡದಲ್ಲಿ ಮೂಲಾಕ್ಷರಗಳು ಸುಮಾರು ಐವತ್ತೇ ಆದರೂ, ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ರೂಪಗಳು ನಾನೂರನ್ನು ಮೀರುತ್ತವೆ. ಒತ್ತಕ್ಷರ ಸೇರಿಸಿದರೆ ಸಾವಿರಗಟ್ಟಲೆ ಆಗುತ್ತವೆ. ಇಷ್ಟು ದೊಡ್ಡ ಸಂಸಾರಕ್ಕೆ ಆ ಸಣ್ಣ ಮನೆ ಸಾಲದು.

ಆದಕಾರಣ ನಮ್ಮ ತಜ್ಞರು ಒಂದು ಉಪಾಯ ಹೂಡಿದರು. ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಅಕ್ಷರದ ಒಡಲು, ಕೊಂಬು, ಒತ್ತು ಎಂದು ಬಿಡಿಬಿಡಿ ಮೊಳೆಗಳನ್ನು ಆರಿಸಿ ಕೂಡಿಸುತ್ತಿದ್ದನಲ್ಲವೆ? ಅದೇ ಕ್ರಮವನ್ನು ಗಣಕಕ್ಕೂ ತಂದರು. ಅಕ್ಷರವನ್ನು ತುಂಡುಮಾಡಿ, ಇಂಗ್ಲಿಷ್ ಮೊದಲಾದ ಅಕ್ಷರಗಳು ಕುಳಿತಿದ್ದ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳ ಚಿತ್ರವನ್ನು ಇಟ್ಟರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಹೊರಬಂದಿತು. ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ‘ನುಡಿ’ಯನ್ನು ಸಿದ್ಧಪಡಿಸಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ, ಇಂಗ್ಲಿಷಿನ ಕೀಲಿಗಳ ಮೇಲೆಯೇ ಕನ್ನಡವನ್ನು ಉಚ್ಚಾರದ ಜಾಡು ಹಿಡಿದು ಒತ್ತುವುದು ಸುಲಭವಾಯಿತು. ಪರ ಊರಿನಲ್ಲಿ ಕನ್ನಡದ ಮೊಳೆಯುಳ್ಳ ಅಚ್ಚುಕೂಟ ಹುಡುಕುವ ಪಾಡು ಎಂಥದೆಂಬುದನ್ನು ಹಿರಿಯರು ಬಲ್ಲರು. ಆ ಪಾಡನ್ನು ತಪ್ಪಿಸಿದವರು ಈ ಮಹನೀಯರು. ಇಂದು ನಾವು ಹೇಳುವ ತೊಡಕಿನ ಮಾತು ಅವರ ಮೇಲಿನ ದೂರಲ್ಲ. ಇದ್ದ ಸಲಕರಣೆಯಲ್ಲಿ ಅವರು ಮಾಡಿದ್ದು ದೊಡ್ಡ ಉಪಕಾರ.

ಈಗ ‘ಕನ್ನಡ’ ಎಂಬ ಮೂರಕ್ಷರದ ಪದವನ್ನೇ ತೆಗೆದುಕೊಳ್ಳೋಣ. ನುಡಿಯ ಹಳೆಯ ಅಚ್ಚಿನಲ್ಲಿ ಇದು ಏಳು ತುಂಡು. ತಲೆಕಟ್ಟಿಲ್ಲದ ಕಕಾರದ ಒಡಲು, ಒಂದು ತಲೆಕಟ್ಟು, ನಕಾರದ ಒಡಲು, ಮತ್ತೆ ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ಕೊನೆಗೆ ಇನ್ನೊಂದು ತಲೆಕಟ್ಟು. ಕಕಾರದ ಒಡಲು ಕುಳಿತಿರುವುದು ಇಂಗ್ಲಿಷಿನ ದೊಡ್ಡ ‘ಪಿ’ ಸ್ಥಾನದಲ್ಲಿ. ತಲೆಕಟ್ಟು ಕುಳಿತಿರುವುದು ನೆತ್ತಿಯ ಮೇಲೆ ಓರೆಗೀಟು ಹೊತ್ತ ‘ಎ’ ಸ್ಥಾನದಲ್ಲಿ. ನಕಾರದ ಒಡಲಿಗೆ ದೊರೆತದ್ದು ಬ್ರಿಟಿಷರ ಪೌಂಡ್ ನಾಣ್ಯದ ಗುರುತಿನ ಜಾಗ, ಅದರ ಒತ್ತಿಗೆ ಜರ್ಮನರ ಜೋಡಿ ‘ಎಸ್’ ಜಾಗ. ನುಡಿಯ ಅಚ್ಚು ಯಂತ್ರದಲ್ಲಿರುವ ತನಕ ಈ ಗುಟ್ಟು ಹೊರಬೀಳದು, ಪರದೆಯ ಮೇಲೆ ಚೆಂದವಾಗಿ ‘ಕನ್ನಡ’ ಎಂದೇ ಕಾಣುತ್ತದೆ. ಅದೇ ಕಡತವನ್ನು ಆ ಅಚ್ಚಿಲ್ಲದ ಫೋನಿನಲ್ಲಿ ತೆರೆಯಿರಿ. ‘ಪಿ’, ಗೀಟಿನ ‘ಎ’, ಪೌಂಡಿನ ಗುರುತು ಎಂದು ಸಾಲುಗಟ್ಟಿ ಬರುತ್ತದೆ. ಎಂಬತ್ತು ಪುಟದ ಸಂಚಿಕೆ ಹೀಗೆ ತೆರೆದುಕೊಂಡರೆ ಅದು ಕನ್ನಡಿಯೊಳಗಿನ ಗಂಟು. ಕಣ್ಣಿಗುಂಟು, ಕೈಗಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್ ಎಂಬ ವಿಶ್ವಸಂಕೇತ. ಲೋಕದ ಲಿಪಿಗಳಿಗೆಲ್ಲ ಒಂದೇ ದೊಡ್ಡ ಪಟ್ಟಿ, ಒಂದೊಂದು ಅಕ್ಷರಕ್ಕೆ ಯಾರೊಡನೆಯೂ ಹಂಚಿಕೊಳ್ಳದ ಸ್ವಂತ ಅಂಕಿ. 1991ರಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ದೊರೆಯಿತು. ಅದಕ್ಕೆ ತಳಹದಿ ನಮ್ಮ ದೇಶದಲ್ಲಿಯೇ ಭಾರತೀಯ ಲಿಪಿಗಳಿಗಾಗಿ ಸಿದ್ಧವಾಗಿದ್ದ ‘ಇಸ್ಕಿ’ ಎಂಬ ಸಂಕೇತಕ್ರಮ. ಆದರೆ ಪಟ್ಟಿಯಲ್ಲಿ ಜಾಗ ಸಿಕ್ಕ ಮಾತ್ರಕ್ಕೆ ಯಂತ್ರ ಬರೆದು ತೋರಿಸಲಿಲ್ಲ. ವಿಂಡೋಸ್ ಯಂತ್ರಗಳಲ್ಲಿ ಕನ್ನಡ ಯೂನಿಕೋಡ್ ಮೂಡಿದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಬರಹ ಮತ್ತು ನುಡಿಯ ಮುಂದಿನ ಆವೃತ್ತಿಗಳೂ ಯೂನಿಕೋಡಿಗೆ ಒಗ್ಗಿಕೊಂಡವು. ಇಂದು ನಮ್ಮ ಫೋನುಗಳಲ್ಲಿ ಓಡಾಡುವ ಕನ್ನಡವೆಲ್ಲ ಯೂನಿಕೋಡಿನದೇ.

ಯೂನಿಕೋಡ್ ತುಂಡುಗಳನ್ನು ಲೆಕ್ಕಿಸದು, ನಾವು ನುಡಿಯುವ ಕ್ರಮವನ್ನು ಲೆಕ್ಕಿಸುತ್ತದೆ. ‘ಕನ್ನಡ’ ಎಂಬುದು ಅಲ್ಲಿ ಐದು ಅಂಕಿ: ಕ, ನ, ವಿರಾಮ, ನ, ಡ. ತಲೆಕಟ್ಟು, ಒತ್ತು ಇವುಗಳ ಆಕಾರವನ್ನು ಅಚ್ಚಿನ ವಿಧಾನವೇ ನೋಡಿಕೊಳ್ಳುತ್ತದೆ. ಬಾಲ್ಯದಲ್ಲಿ ಮಾಸ್ತರರು ನಮಗೆ ಕಲಿಸಿದ್ದೂ ಇದನ್ನೇ. ‘ನ್ನ’ ಎಂದರೆ ನಕಾರಕ್ಕೆ ನಕಾರದ ಒತ್ತು ಎಂದರಲ್ಲದೆ, ಜರ್ಮನರ ಜೋಡಿ ‘ಎಸ್’ ಎನ್ನಲಿಲ್ಲ.

ಹಾಗಾದರೆ ಹಳೆಯ ಅಂಕಿಯನ್ನು ತೆಗೆದು ಹೊಸ ಅಂಕಿಯನ್ನು ಇಟ್ಟರಾಯಿತಲ್ಲ, ಕಷ್ಟವೇನು ಎಂದು ಯಾರಾದರೂ ಕೇಳಬಹುದು. ಜಪಾನಿನ ದೃಷ್ಟಾಂತದಿಂದ ಉತ್ತರ ಸ್ಪಷ್ಟವಾಗುತ್ತದೆ. ಜಪಾನೀಯರು 1978ರಲ್ಲಿಯೇ ತಮ್ಮ ಆರು ಸಾವಿರಕ್ಕೂ ಮಿಕ್ಕ ಚಿತ್ರಾಕ್ಷರಗಳಿಗೆ ರಾಷ್ಟ್ರೀಯ ಅಂಕಿಪಟ್ಟಿಯನ್ನು ಮಾಡಿಕೊಂಡರು. ಆದರೆ ಆ ಪಟ್ಟಿಯನ್ನು ಯಂತ್ರದಲ್ಲಿ ಬರೆದಿಡುವ ಕ್ರಮಗಳು ಮೂರಾದವು. ಮಿಂಚಂಚೆಗೆ ಒಂದು, ಮನೆಯ ಗಣಕಗಳಿಗೆ ‘ಷಿಫ್ಟ್ ಜಿಸ್’ ಎಂಬುದು, ಯೂನಿಕ್ಸ್ ಯಂತ್ರಗಳಿಗೆ ‘ಇಯುಸಿ’ ಎಂಬುದು. ಒಂದರಲ್ಲಿ ಬರೆದದ್ದನ್ನು ಇನ್ನೊಂದೆಂದು ಬಗೆದು ತೆರೆದರೆ ಅಕ್ಷರಗಳೆಲ್ಲ ಕಲಸುಮೇಲೋಗರ. ಇದಕ್ಕೆ ಅವರು ‘ಮೊಜಿಬಾಕೆ’ ಎಂದು ಹೆಸರಿಟ್ಟರು. ಅಕ್ಷರ ವೇಷ ಬದಲಿಸಿತು ಎಂದು ಅದರ ಭಾವ. ಈ ಮೂರರಿಂದಲೂ ಯೂನಿಕೋಡಿಗೆ ಹೋಗಲು ಕೋಷ್ಟಕಗಳು ಸಿದ್ಧವಾದವು. ಅಲ್ಲಿಯೂ ಒಂದು ಸಣ್ಣ ಬಿಕ್ಕಟ್ಟು ಉಳಿಯಿತು. ಅಲೆಯಂತೆ ಬಳುಕುವ ಒಂದು ಗೀಟನ್ನು ಮೈಕ್ರೋಸಾಫ್ಟಿನ ಕೋಷ್ಟಕ ಒಂದು ಅಂಕಿಗೆ ಒಯ್ದರೆ, ಬೇರೆ ಕೋಷ್ಟಕಗಳು ಮತ್ತೊಂದು ಅಂಕಿಗೆ ಒಯ್ದವು. ಒಂದು ಕೋಷ್ಟಕದಿಂದ ಹೋಗಿ ಇನ್ನೊಂದರಿಂದ ಹಿಂತಿರುಗಿದರೆ ಆ ಗೀಟು ದಾರಿಯಲ್ಲಿಯೇ ಕಳೆದುಹೋಗುತ್ತಿತ್ತು.

ಆದರೂ ಜಪಾನೀಯರದು ಒಂದು ಲೆಕ್ಕಕ್ಕೆ ಸುಲಭದ ಕೆಲಸ. ಅವರ ಹಳೆಯ ಅಂಕಿಗಳು ಅಕ್ಷರಗಳ ಅಂಕಿಗಳೇ ಆಗಿದ್ದವು. ಎಡಗಡೆಯ ಅಂಕಿಗೆ ಬಲಗಡೆಯ ಅಂಕಿ ಎಂದು ಪಟ್ಟಿ ಬರೆದುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ನಮ್ಮ ಹಳೆಯ ಅಂಕಿಗಳು ಅಕ್ಷರದವಲ್ಲ, ಅಕ್ಷರದ ತುಂಡಿನವು. ತುಂಡುಗಳನ್ನು ಕೂಡಿಸಿ, ಇದು ಯಾವ ಅಕ್ಷರವಾಗಿತ್ತು ಎಂದು ಪರಿವರ್ತಕ ಊಹಿಸಬೇಕು.

ನುಡಿಯ ಅಚ್ಚಿನಲ್ಲಿ ‘ಮ’ ಎಂಬ ಅಕ್ಷರವೇ ಇಲ್ಲ. ವಕಾರಕ್ಕೆ ಒಂದು ಬಾಲ ಹಚ್ಚಿದರೆ ಮಕಾರ. ‘ಯ’ ಎಂಬುದು ನಾಲ್ಕು ತುಂಡು. ಅದರ ಮೊದಲನೆಯ ತುಂಡು ಸೊನ್ನೆಯೇ. ‘ಬೆಂಗಳೂರು’ ಎನ್ನುವಲ್ಲಿ ಬರುವ ಸೊನ್ನೆಯೂ ಅದೇ. ಪರಿವರ್ತಕ ಅವಸರಪಟ್ಟು ಮೊದಲ ತುಂಡನ್ನು ಕಂಡೊಡನೆ ಸೊನ್ನೆಯೆಂದು ಬರೆದುಬಿಟ್ಟರೆ, ಮುಂದಿನ ಮೂರು ತುಂಡು ಅನಾಥವಾಗುತ್ತವೆ. ಆದುದರಿಂದ ಉದ್ದದ ಜೋಡಣೆಯನ್ನು ಮೊದಲು ಹುಡುಕಿ, ಅದು ಸಿಗದಿದ್ದರೆ ಮಾತ್ರ ಗಿಡ್ಡದ್ದಕ್ಕೆ ಇಳಿಯಬೇಕು.

ಎಲ್ಲಕ್ಕೂ ತೊಡಕಿನದು ಅರ್ಕಾವೊತ್ತು. ‘ಕರ್ನಾಟಕ’ ಎನ್ನುವಾಗ ನಮ್ಮ ನಾಲಗೆ ರೇಫವನ್ನು ನಕಾರಕ್ಕಿಂತ ಮೊದಲು ನುಡಿಯುತ್ತದೆ. ಕೈ ಮಾತ್ರ ಅದನ್ನು ‘ನಾ’ ಆದ ಮೇಲೆ ಬರೆಯುತ್ತದೆ. ನುಡಿಯ ಹಳೆಯ ಕಡತದಲ್ಲಿ ಕೈಯ ಕ್ರಮವಿದೆ: ಕ, ನಾ, ಅರ್ಕಾವೊತ್ತು, ಟ, ಕ. ಯೂನಿಕೋಡಿಗೆ ಬೇಕಾದದ್ದು ನಾಲಗೆಯ ಕ್ರಮ. ಪರಿವರ್ತಕ ಆ ಒತ್ತನ್ನು ಎತ್ತಿಕೊಂಡು ಒಂದು ಅಕ್ಷರ ಹಿಂದಕ್ಕೆ ನಡೆದು ‘ನಾ’ ಎಂಬುದರ ಮುಂದೆ ಕೂರಿಸಬೇಕು. ಹಾಗೆ ಮಾಡದ ಅರೆಬೆಂದ ಪರಿವರ್ತಕ ಕೊಡುವ ರೂಪ ‘ಕನಾರ್ಟಕ’! ಇದು ವಿನೋದಕ್ಕೆ ಕಟ್ಟಿ ಹೇಳಿದ್ದಲ್ಲ. ಹುಡುಕಿ ನೋಡಿದವರಿಗೆ ಈ ‘ಕನಾರ್ಟಕ’ ಇಂದಿಗೂ ಅಲ್ಲಲ್ಲಿ ಸಿಗುತ್ತದೆ. ಯಾವ ಹೆಸರಿಗಾಗಿ 1973ರ ತನಕ ಕಾದೆವೋ ಆ ಹೆಸರೇ ಹೀಗಾದರೆ, ‘ಧರ್ಮ’, ‘ಕಾರ್ಯ’, ‘ಸೂರ್ಯ’ಗಳ ಪಾಡೇನು?

ಇನ್ನೂ ಕೆಲವು ಸೂಕ್ಷ್ಮಗಳಿವೆ. ‘ರ‍್ಯಾಂಕ್’ ಎಂಬಲ್ಲಿ ನಮಗೆ ಅರ್ಕಾವೊತ್ತು ಬೇಡ, ರಕಾರದ ಕೆಳಗೆ ಯಕಾರದ ಒತ್ತು ಬೇಕು. ಅದಕ್ಕೆ ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಬೆಸುಗೆಯ ಗುರುತನ್ನು ನಡುವೆ ಇಡಬೇಕು. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರದ ಸೊನ್ನೆಯೂ ನೋಡಲು ಒಂದೇ, ಯಂತ್ರಕ್ಕೆ ಎರಡೂ ಬೇರೆ. ಒಂದರ ಸ್ಥಾನದಲ್ಲಿ ಇನ್ನೊಂದು ಕುಳಿತರೆ ಪುಟದ ಮೇಲೆ ‘ಬೆಂಗಳೂರು’ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗದು. ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳಿದ್ದರಂತೂ ಯಂತ್ರಕ್ಕೆ ಪೇಚು. ದೊಡ್ಡ ‘ಪಿ’ ನಿಜವಾಗಿ ಯಾರದೋ ಹೆಸರಿನ ಮೊದಲಕ್ಷರವೋ, ಕಕಾರದ ಒಡಲೋ? ಕಡತದಲ್ಲಿ ಅಚ್ಚಿನ ಹೆಸರು ನಮೂದಾಗಿದ್ದರೆ ಜಾಣ ಪರಿವರ್ತಕ ತಿಳಿದುಕೊಳ್ಳುತ್ತದೆ. ನಮೂದು ಅಳಿಸಿಹೋಗಿದ್ದರೆ ಎಲ್ಲವನ್ನೂ ಕನ್ನಡವೆಂದು ಬಗೆದು ತಿರುಚಿಬಿಡುತ್ತದೆ. ಇನ್ನು ‘ಶ್ರೀಲಿಪಿ’ಯಂಥ ಬೇರೆ ತಂತ್ರಾಂಶಗಳ ತುಂಡುಪಟ್ಟಿಯೇ ಬೇರೆ. ಅದರಲ್ಲಿ ಬರೆದದ್ದನ್ನು ನುಡಿಯೆಂದು ತಿಳಿದು ಪರಿವರ್ತಿಸಿದರೆ ಒಂದು ಪದವೂ ಉಳಿಯದು.

ಮಹನೀಯರೆ, ಇಷ್ಟು ವಿವರವಾಗಿ ಹೇಳಿದ್ದರ ಉದ್ದೇಶ ಒಂದೇ. ಪರಿವರ್ತಕ ತಂತ್ರಾಂಶಗಳು ಇಂದು ಬೇಕಾದಷ್ಟಿವೆ. ಕನ್ನಡದ ಮೇಲಿನ ಪ್ರೀತಿಯಿಂದ ತರುಣರು ಬರೆದು ಉಚಿತವಾಗಿ ಕೊಟ್ಟವೂ ಇವೆ. ನೂರು ಪುಟದ ಪುಸ್ತಕವನ್ನು ಅವು ಚಿಟಿಕೆ ಹೊಡೆಯುವಷ್ಟರಲ್ಲಿ ತಿರುಗಿಸಿಕೊಡುತ್ತವೆ. ಆದರೆ ತಿರುಗಿಸಿದ್ದು ಸರಿಯೋ ತಪ್ಪೋ ಎಂಬುದನ್ನು ಹೇಳಬಲ್ಲವನು ಕನ್ನಡ ಓದುಬರಹ ಬಲ್ಲ ಮನುಷ್ಯ. ‘ಕನಾರ್ಟಕ’ವನ್ನು ಕಂಡು ಯಂತ್ರಕ್ಕೆ ಮುಜುಗರವಾಗದು, ನಮಗಾಗುತ್ತದೆ. ಊರಿನ ಹೆಸರು, ಮನೆತನದ ಹೆಸರು, ಅಜ್ಜಿಯ ಮಾತಿನ ಬೀದರ ಕಡೆಯ ಪದ ಇವು ಯಾವ ನಿಘಂಟಿನಲ್ಲೂ ಸಿಗದಿರಬಹುದು. ಅವನ್ನು ತಿದ್ದಬಲ್ಲವರು ಆ ಮನೆಯವರೇ.

ಇಲ್ಲಿಯೇ ನಮ್ಮ ಆತಂಕವಿರುವುದು. ಈ ನಗರದಲ್ಲಿ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ವಿದ್ಯಾಲಯಗಳಂಥ ಸಂಸ್ಥೆಗಳನ್ನು ಹಿರಿಯರು ಕಷ್ಟಪಟ್ಟು ಕಟ್ಟಿದರು. ಆದರೂ ಮನೆಮನೆಯ ಸ್ಥಿತಿ ನಮಗೆಲ್ಲ ಗೊತ್ತು. ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಮೊಮ್ಮಕ್ಕಳು ಮಾತಿಗೂ ತಡವರಿಸುತ್ತಾರೆ. ಕಡತಗಳನ್ನು ತಿರುಗಿಸುವ ಯಂತ್ರಗಳು ವರ್ಷ ವರ್ಷಕ್ಕೆ ಚುರುಕಾಗುತ್ತಿವೆ, ತಿರುಗಿಸಿದ್ದನ್ನು ಓದಿ ತಿದ್ದಬಲ್ಲವರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಯಂತ್ರ ಇನ್ನೂ ಸುಧಾರಿಸಲಿ, ಆಮೇಲೆ ಮಾಡಿದರಾಯಿತು ಎಂದು ಕುಳಿತರೆ, ಆ ಹೊತ್ತಿಗೆ ತಪ್ಪು ಹಿಡಿಯುವ ಕಣ್ಣುಗಳು ಮುಚ್ಚಿರುತ್ತವೆ.

ಕವಿರಾಜಮಾರ್ಗ ಒಂಬತ್ತನೆಯ ಶತಮಾನದ ಕೃತಿ. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿ ಅಚ್ಚಿಗೆ ತಂದರು. ನಡುವಣ ಸಾವಿರ ವರ್ಷ ಅದು ಉಳಿದದ್ದು ಓಲೆಯಿಂದ ಓಲೆಗೆ ಪ್ರತಿಮಾಡಿದ ಲಿಪಿಕಾರರ ಪುಣ್ಯದಿಂದ. ಓಲೆ ಹಳತಾಗಿ ಪುಡಿಯಾಗುವ ಮುನ್ನ ಒಬ್ಬರು ಕುಳಿತು ಹೊಸ ಓಲೆಗೆ ಇಳಿಸಿದರು. ನಮ್ಮ ಪಾಲಿಗೆ ಬಂದ ಕೆಲಸ ಅದಕ್ಕಿಂತ ಸುಲಭ. ಇಳಿಸುವ ಶ್ರಮ ಯಂತ್ರದ್ದು, ಓದಿ ನೋಡುವ ಶ್ರಮ ಮಾತ್ರ ನಮ್ಮದು.

ಈ ಶ್ರಮದಿಂದ ಬರುವ ಫಲವೂ ಸಣ್ಣದಲ್ಲ. ಯೂನಿಕೋಡಿಗೆ ಬಂದ ಬರಹವನ್ನು ಹುಡುಕಬಹುದು, ಫೋನಿನಲ್ಲಿ ಕಳಿಸಬಹುದು. ಕಣ್ಣು ಮಂಜಾದ ಹಿರಿಯರಿಗೆ ಯಂತ್ರವೇ ಗಟ್ಟಿಯಾಗಿ ಓದಿ ಹೇಳಬಲ್ಲದು. ತುಂಡುಗಳ ಕಡತಕ್ಕೆ ಇದಾವುದೂ ಸಾಧ್ಯವಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ, ಹೈದರಾಬಾದಿನವರಾದ ನಮಗೇ ವಿಶೇಷವಾದ ಒಂದು ಲಾಭವಿದೆ.

ಯೂನಿಕೋಡಿನ ಪಟ್ಟಿಯಲ್ಲಿ ಕನ್ನಡದ ಕೇರಿಯ ಪಕ್ಕದ ಕೇರಿಯೇ ತೆಲುಗು. ಎರಡಕ್ಕೂ ತಳಹದಿ ಅದೇ ‘ಇಸ್ಕಿ’ಯಾದ್ದರಿಂದ ಎರಡು ಕೇರಿಗಳಲ್ಲಿಯೂ ಮನೆಗಳ ಸಾಲು ಒಂದೇ ತೆರ. ತೆಲುಗಿನ ಕಕಾರ ಆ ಕೇರಿಯಲ್ಲಿ ಎಷ್ಟನೆಯ ಮನೆಯೋ, ಕನ್ನಡದ ಕಕಾರ ಈ ಕೇರಿಯಲ್ಲಿ ಅಷ್ಟನೆಯ ಮನೆ. ನಡುವಿನ ಅಂತರ ಸರಿಯಾಗಿ 128. ಕನ್ನಡ ಬರಹದ ಪ್ರತಿ ಅಂಕಿಯಿಂದಲೂ 128 ಕಳೆದರೆ ಹೆಚ್ಚುಕಡಮೆ ಇಡೀ ಬರಹ ತೆಲುಗು ಲಿಪಿಗೆ ಇಳಿಯುತ್ತದೆ. ಹಳಗನ್ನಡದ ‘ೞ’ದಂಥ ಒಂದೆರಡು ಅಕ್ಷರಗಳು ಮಾತ್ರ ಸಾಲು ತಪ್ಪಿವೆ. ಪಾಪ, ಈ ‘ೞ’ಕಾರಕ್ಕೆ ಯೂನಿಕೋಡಿನ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂದು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದಿದೆ!

2018ರಲ್ಲಿ ತೆಲಂಗಾಣ ಸರ್ಕಾರ ಶಾಲೆಗಳಲ್ಲಿ ತೆಲುಗಿನ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಿತು. ನಮ್ಮ ಮೊಮ್ಮಕ್ಕಳಿಗೆ ತೆಲುಗು ಲಿಪಿ ಬರುತ್ತದೆ. ಕನ್ನಡ ಲಿಪಿ ಬಾರದಿದ್ದರೂ ಕನ್ನಡದ ಮಾತು ಕಿವಿಯಲ್ಲಿದೆ. ಅಜ್ಜಿ ಬರೆಸಿದ ನೆನಪುಗಳನ್ನು ತೆಲುಗು ಲಿಪಿಗೆ ಇಳಿಸಿ ಕೈಗಿತ್ತರೆ, ಮಗು ಓದುವುದು ಅಜ್ಜಿಯ ಕನ್ನಡವನ್ನೇ. ಅದೇ ಪುಟದ ಎದುರು ಕನ್ನಡ ಲಿಪಿಯ ಪುಟವನ್ನೂ ಇಟ್ಟರೆ, ಅಕ್ಕತಂಗಿಯರಂತಿರುವ ಈ ಎರಡು ಲಿಪಿಗಳ ನಡುವಣ ದೂರವನ್ನು ದಾಟಲು ಹೆಚ್ಚು ದಿನ ಬೇಕಾಗದು. ತೆಲುಗು ಲಿಪಿ ಇಲ್ಲಿ ಏಣಿಯಾಗಲಿ, ಮಹಡಿಯಾಗುವುದು ಬೇಡ. ಏಣಿಯನ್ನು ಇಡುವುದಕ್ಕೂ ಮೊದಲು ಬರಹ ಯೂನಿಕೋಡಿಗೆ ಬಂದಿರಬೇಕು, ಮತ್ತು ಸರಿಯಾಗಿ ಬಂದಿರಬೇಕು. ಕನ್ನಡದಲ್ಲಿ ‘ಕನಾರ್ಟಕ’ವಾದದ್ದು ತೆಲುಗಿನಲ್ಲೂ ‘ಕನಾರ್ಟಕ’ವೇ.

ಆದುದರಿಂದ ಸಭಿಕರಲ್ಲಿ ನಮ್ಮ ಬಿನ್ನಹ ಇಷ್ಟು. ಮೊದಲನೆಯದಾಗಿ, ಮನೆಯಲ್ಲಿರುವ ಹಳೆಯ ತಟ್ಟೆಗಳನ್ನೂ ಯಂತ್ರಗಳನ್ನೂ ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆಸಿ ನೋಡಿ. ಕನ್ನಡದ ಕಡತಗಳಿದ್ದರೆ ಪ್ರತಿ ತೆಗೆದಿಡಿ. ಬರಹದಲ್ಲಿ ಬರೆದದ್ದೋ, ನುಡಿಯಲ್ಲೋ, ಶ್ರೀಲಿಪಿಯಲ್ಲೋ ಎಂಬುದನ್ನು ಬರೆದಿಡಿ. ಗೊತ್ತಿರುವವರು ಇನ್ನೂ ಇರುವಾಗಲೇ ಕೇಳಿ ತಿಳಿದುಕೊಳ್ಳಿ. ಎರಡನೆಯದಾಗಿ, ಪರಿವರ್ತಿಸಿದ ಮೇಲೆ ಮೂಲ ಕಡತವನ್ನು ಅಳಿಸಬೇಡಿ. ಸಂದೇಹ ಬಂದಾಗ ನೋಡಲು ಅದೇ ಆಧಾರ. ಆ ಬರಹ ಅಚ್ಚಾದ ಸಂಚಿಕೆಯಿದ್ದರೆ ಅದನ್ನೂ ಜತೆಗಿಡಿ. ಮೂರನೆಯದಾಗಿ, ಓದಿ ತಿದ್ದುವ ಕೆಲಸವನ್ನು ಹಂಚಿಕೊಳ್ಳೋಣ. ಎಂಬತ್ತು ಪುಟದ ಒಂದು ಸಂಚಿಕೆಯನ್ನು ಮನೆಗೆ ನಾಲ್ಕು ಪುಟದಂತೆ ಹಂಚಿದರೆ ಇಪ್ಪತ್ತು ಮನೆ ಸಾಕು. ಓದುವಾಗ ಅರ್ಕಾವೊತ್ತಿನ ಪದಗಳನ್ನೂ, ‘ಸ್ತ್ರೀ’, ‘ರಾಷ್ಟ್ರ’ಗಳಂಥ ಎರಡೆರಡು ಒತ್ತಿನ ಪದಗಳನ್ನೂ, ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳನ್ನೂ ವಿಶೇಷವಾಗಿ ಗಮನಿಸಬೇಕು. ತಪ್ಪು ಹೆಚ್ಚಾಗಿ ಅಡಗುವುದು ಅಲ್ಲಿಯೇ.

ಈ ಕೆಲಸಕ್ಕೆ ಯಂತ್ರವಿದ್ಯೆಯ ಪದವಿ ಬೇಡ. ಮಾಧಾಪುರದ ಕಚೇರಿಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರು ಪರಿವರ್ತಿಸಿ ಕೊಡಲಿ. ಓದಿ ತಿದ್ದುವುದು ಅತ್ತೆಯವರು, ಮಾವನವರು, ನಿವೃತ್ತರಾದ ಮೇಷ್ಟ್ರುಗಳು, ಅಡುಗೆ ಮುಗಿಸಿ ಮಧ್ಯಾಹ್ನ ಕತೆ ಪುಸ್ತಕ ಹಿಡಿಯುವ ಗೃಹಿಣಿಯರು, ಇವರ ಕೆಲಸ. ಒಂದು ಪುಟಕ್ಕೆ ಹಿರಿಯರೊಬ್ಬರೂ ಕಿರಿಯರೊಬ್ಬರೂ ಜತೆಯಾಗಿ ಕುಳಿತರೆ ಇನ್ನೂ ಲೇಸು. ಪುಟವೂ ಸರಿಯಾದೀತು, ಕಿರಿಯರಿಗೆ ನಾಲ್ಕಕ್ಷರವೂ ಬಂದೀತು.

ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಪುಸ್ತಕವನ್ನು ಇಡಲಾಗಿದೆ. ಕಡತವಿರುವವರು ಕಡತದ ವಿವರವನ್ನೂ, ಓದಿ ತಿದ್ದಬಲ್ಲವರು ತಮ್ಮ ಹೆಸರನ್ನೂ ಅದರಲ್ಲಿ ಬರೆದು ಹೋಗಬೇಕಾಗಿ ಕೋರುತ್ತೇವೆ. ದಯವಿಟ್ಟು ಕನ್ನಡದಲ್ಲಿಯೇ ಬರೆಯಿರಿ.